ಅಪ್ಪನ ಕಳಿಸುವ ರಾಗ

ನಾನು ಮುದ್ದೇಬಿಹಾಳದ ಒಂದು ಶಾಲೆಯಲ್ಲಿ ಕಂಪ್ಯೂಟರ್ ಟೀಚರು. ಗಂಡನ ಮನೆ ಬಿಟ್ಟು ಬಂದು ಆರು ವರ್ಷ, ಬಾಡಿಗೆ ಕೋಣೆಯಲ್ಲಿ ಒಬ್ಬಳೇ. ರವಿವಾರ ಬಂತೆಂದರೆ ತಲೆ ಕೆಡುತ್ತದೆ. ಮಾತಾಡಲು ಹಾಲಿನವನೊಬ್ಬನೇ, ಅವನೂ ಅವಸರದಲ್ಲಿರುತ್ತಾನೆ.

ಮಕ್ಕಳಿಗೆ ಕಲಿಸಲೆಂದು ಕೋಡ್ ಬರೆದು ಸಣ್ಣಪುಟ್ಟ ರಾಗ ನುಡಿಸುತ್ತಿದ್ದೆ. ಒಂದೊಂದು ಸ್ವರಕ್ಕೆ ಒಂದು ಸಂಖ್ಯೆ, ಅದು ಎಷ್ಟು ಹೊತ್ತು ನಿಲ್ಲಬೇಕೆಂಬುದಕ್ಕೆ ಇನ್ನೊಂದು. ಅಷ್ಟೇ. ಒಂದು ರವಿವಾರ ಬೇಸರಕ್ಕೆ ಅಪ್ಪನ ರಾಗ ಬರೆಯತೊಡಗಿದೆ.

ಅಪ್ಪ ಇಂಡಿ ಊರಿನ ಬ್ಯಾಂಡ್ ಕಂಪನಿಯಲ್ಲಿ ಕ್ಲಾರಿನೆಟ್ ಊದುತ್ತಿದ್ದ. ಮದುಮಗಳನ್ನು ಕಳಿಸಿಕೊಡುವಾಗ ಈ ರಾಗ ಬಾರಿಸುತ್ತಿದ್ದ. ಊರಿನ ಎಷ್ಟೋ ಹುಡುಗಿಯರಿಗೆ ಬಾರಿಸಿದ. ಮದುವೆ ಮುಗಿದು ನನ್ನ ಗಾಡಿ ಹೊರಟಾಗ ಮಾತ್ರ ಕ್ಲಾರಿನೆಟ್ ಹಿಡಿದುಕೊಂಡು ಸುಮ್ಮನೆ ನಿಂತಿದ್ದ. ಗಂಡನ ಮೇಲಿನ ಸಿಟ್ಟಾದರೂ ಇಳಿಯಿತು, ಇದು ಇಳಿಯಲಿಲ್ಲ.

ಈಗ ಅವನ ಎದೆ ಸೋತಿದೆ. ಊದಬಾರದೆಂದು ಡಾಕ್ಟರ್ ಹೇಳಿದ್ದಾರೆ. ಮುಂದಿನ ರವಿವಾರ ಸಿಂದಗಿಯಲ್ಲಿ ಬಸ್ಸು ಬದಲಿಸಿ ಇಂಡಿಗೆ, ಅಣ್ಣನ ಮನೆಗೆ ಹೋದೆ. ಅಪ್ಪ ಮಲಗಿದ್ದ ಹೊರಸಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ರಾಗ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದ.

"ಸುರ ಬರೋಬರಿ ಅದಾವ. ಖರೆ, ಇದು ಉಸುರು ಎಲ್ಲಿ ತಗೋತೈತಿ?"

ತಗೊಳ್ಳುವುದೇ ಇಲ್ಲ. ಥೂ, ಊದುವವನ ಮಗಳಾಗಿ ಉಸಿರಿಗೆ ಜಾಗವನ್ನೇ ಬಿಟ್ಟಿರಲಿಲ್ಲ. ಅವನು ಹೊರಸಿಗೆ ಬೆರಳು ಬಡಿದು ತೋರಿಸಿದ ಕಡೆಯಲ್ಲೆಲ್ಲ ಸ್ವರಗಳ ನಡುವೆ ಸೊನ್ನೆ ಹಾಕಿದೆ; ಸೊನ್ನೆ ಇದ್ದಲ್ಲಿ ಸದ್ದಿಲ್ಲ. ರಾಗ ಅವನದೇ ಆಯಿತು.

"ಇದನ್ನ ಎಷ್ಟು ಸಲ ಬಾರಸ್ಬೇಕಪಾ? ಕೋಡಿನ್ಯಾಗ ಬರೀಬೇಕು."

"ಎಣಿಸಿ ಬಾರಸ್ತಾರೇನು? ಗಾಡಿ ತಿರುವಿನ್ಯಾಗ ಮರೆ ಆಗೂತನಕ ನಿಲ್ಲಸಂಗಿಲ್ಲ."

ನನಗೆ ತಡೆಯಲಾಗಲಿಲ್ಲ. "ಮತ್ತ ನನಗ್ಯಾಕ ಬಾರಸ್ಲಿಲ್ಲ?"

"ಬಾಯಿಗಿ ಹಚ್ಚಿದ್ನಿ. ಅಳಕೋತ ಊದಾಕ ಬರಂಗಿಲ್ಲವ್ವಾ. ತುಟಿ ನಿಲ್ಲಂಗಿಲ್ಲ."

ಒಂದು ಮಾತು ಕೇಳಿದ್ದರೆ ಅಂದೇ ಮುಗಿಯುತ್ತಿತ್ತು. ನಾನು ಇಷ್ಟು ವರ್ಷ ಬಿಗಿದುಕೊಂಡು ಕೂತಿದ್ದೆ, ಹುಚ್ಚಿ. ರಾಗವನ್ನು ಅವನ ಮೊಬೈಲಿಗೆ ಹಾಕಿ, ಎಲ್ಲಿ ಒತ್ತಬೇಕೆಂದು ತೋರಿಸಿದೆ.

ಅತ್ತಿಗೆ ಕಟ್ಟಿಕೊಟ್ಟ ರೊಟ್ಟಿ ಚೀಲಕ್ಕೆ ಹಾಕಿಕೊಂಡು ಮೂರರ ಬಸ್ಸಿಗೆ ಹೊರಟೆ. ಹತ್ತು ಹೆಜ್ಜೆ ಹೋಗಿರಲಿಲ್ಲ, ಹಿಂದೆ ರಾಗ ಶುರುವಾಯಿತು. ಅಪ್ಪ ಎದ್ದು ಬಾಗಿಲಿಗೆ ಬಂದು, ಎರಡೂ ಕೈಯಲ್ಲಿ ಮೊಬೈಲ್ ಎತ್ತಿ ಹಿಡಿದು ನಿಂತಿದ್ದ. ಮುಗಿದ ಕೂಡಲೇ ಮತ್ತೆ ಒತ್ತುತ್ತಿದ್ದ. ನಾನು ಹೊರಟದ್ದು ಯಾರ ಮನೆಗೂ ಅಲ್ಲ, ಬೀಗ ಹಾಕಿದ ನನ್ನ ಕೋಣೆಗೆ. ಬಸ್ಸಿಗೆ ಹೊತ್ತಾಗಿತ್ತು. ಆದರೂ ತಿರುವಿನ ಹತ್ತಿರ ಬಂದು ನಿಂತುಬಿಟ್ಟೆ. ಇನ್ನೊಂದು ಹೆಜ್ಜೆ ಇಟ್ಟು ಮರೆಯಾದರೆ ಅವನು ರಾಗ ನಿಲ್ಲಿಸಿಬಿಡುತ್ತಿದ್ದ.