ಮಷೀನಿಗೆ ನೀರು ಕುಡಿಸಿದ್ದು

ಮೊನ್ನೆ ಬಾದಾಮಿಗೆ ಹೋದಾಗ ನನ್ನ ಹಳೆಯ ವಿದ್ಯಾರ್ಥಿನಿ ಗಂಗವ್ವನ ಮನೆ ಹೊಕ್ಕೆ. ಅವಳೀಗ ಅಲ್ಲಿನ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಐದು ನಿಮಿಷದ ಕೆಲಸವೆಂದು ಆಟೋವನ್ನು ಬಿಸಿಲಲ್ಲೇ ನಿಲ್ಲಿಸಿ, ಬಾಗಿಲಲ್ಲೇ ಬಾಯಿ ತೆರೆದೆ. ಅವಳು ಕೇಳಿಸಿಕೊಳ್ಳದವಳಂತೆ ಒಳಗೆ ಹೋಗಿ ತಂಬಿಗೆ ನೀರು, ಒಂದು ಚೂರು ಕಪ್ಪು ಬೆಲ್ಲ ತಂದು ಮುಂದಿಟ್ಟಳು. ಬೆಲ್ಲದ ವಾಸನೆ ಮೂಗಿಗೆ ಬಡಿದದ್ದೇ ತಡ, ಬಂದ ಕೆಲಸ ಮರೆತೇಹೋಯಿತು. ನಿಮಗೂ ಹೇಳಿಯೇಬಿಡುತ್ತೇನೆ, ಆಟೋದವನು ಕಾಯಲಿ ಬಿಡಿ.

ಎಂಬತ್ತರ ದಶಕದ ಕೊನೆ. ಬಾಗಲಕೋಟೆಯ ನಮ್ಮ ಕಾಲೇಜಿಗೆ ಒಂದು ದೊಡ್ಡ ಕಂಪ್ಯೂಟರು, ಅದಕ್ಕೆ ಜೋಡಿಸುವ ನಾಲ್ಕಾರು ಪರದೆಗಳು ಬಂದಿದ್ದವು. ಈಗ ಅಂಥದಕ್ಕೆ ಸರ್ವರ್ ಅನ್ನುತ್ತಾರೆ. ನಾವು ಭಯಭಕ್ತಿಯಿಂದ ದೊಡ್ಡ ಮಷೀನು ಅನ್ನುತ್ತಿದ್ದೆವು. ಹಟ ಹಿಡಿದು ತರಿಸಿದವರು ವಿಭಾಗದ ಮುಖ್ಯಸ್ಥೆ. ನಮ್ಮ ಕಡೆ ಕಲಿಸುವ ಹೆಂಗಸರೆಲ್ಲ ಅಕ್ಕಾರೇ. ಅವರು ದೊಡ್ಡ ಅಕ್ಕಾರು, ನಾನು ಸಣ್ಣ ಅಕ್ಕಾರು. ಹೊಸ ಕಂಪ್ಯೂಟರ್ ಕೋರ್ಸಿಗೆ ಹುಡುಗಿಯರನ್ನು ಸೇರಿಸಲು ಇಳಕಲ್ಲು, ಹುನಗುಂದ, ಗುಳೇದಗುಡ್ಡವೆಂದು ಮನೆಮನೆ ತಿರುಗಿ, ಮಗ್ಗದ ಮುಂದೆ ಕೂತ ಅಪ್ಪಂದಿರಿಗೆ "ಹುಡುಗಿನ್ನ ಕಳಸ್ರಿ, ನಾ ಅದೀನಿ" ಎಂದು ಅವರು ಮಾತು ಕೊಟ್ಟು ಬಂದಿದ್ದರು.

ಮಷೀನು ಮಾತ್ರ ಏಳಲೊಲ್ಲದು. ಆಪರೇಟಿಂಗ್ ಸಿಸ್ಟಮ್ಮಿನ ಫ್ಲಾಪಿ ಹಾಕಿ ಸ್ವಿಚ್ ಒತ್ತಿದರೆ 'ಡಿಸ್ಕ್ ಇಲ್ಲ' ಎಂದು ಬರೆಯುತ್ತಿತ್ತು. ಡಿಸ್ಕು ಅದರ ಹೊಟ್ಟೆಯಲ್ಲೇ ಗುಂಯ್ ಅನ್ನುತ್ತಿದೆ, ಇದು ಇಲ್ಲ ಅನ್ನುತ್ತದೆ! ಕಂಪನಿಗೆ ಟ್ರಂಕ್ ಕಾಲ್ ಮಾಡಿದರೆ, ಡಿಸ್ಕು ಕೆಟ್ಟಿದೆ, ವಾಪಸ್ ಕಳಿಸಿ ಎಂಬ ಒಂದೇ ಪಲ್ಲವಿ. ನಾನಂತೂ ಕೇಬಲ್ ಬಿಚ್ಚಿ ಕಟ್ಟಿದೆ, ಊದಿನಕಡ್ಡಿ ಹಚ್ಚಿದೆ, ಯಾರೂ ಇಲ್ಲದಾಗ ಒಂದು ಗುದ್ದೂ ಕೊಟ್ಟೆ. ಕೊನೆಗೆ ಪ್ರಿನ್ಸಿಪಾಲರು ಹೇಳಿಬಿಟ್ಟರು: "ಅಕ್ಕಾರ, ಶನಿವಾರ ಸಂಜಿಗೆ ಲಾರಿ ಬರ್ತೈತ್ರಿ. ಅಷ್ಟರಾಗ ಎದ್ದರ ಛಲೋ, ಇಲ್ಲಂದ್ರ ಮಷೀನೂ ವಾಪಸ್, ಕೋರ್ಸೂ ಬಂದ್."

ಶನಿವಾರ ಮಧ್ಯಾಹ್ನ ಬಾಗಿಲಲ್ಲಿ ಒಬ್ಬರು ಬಂದು ನಿಂತರು. ಗಂಗವ್ವನ ಅಪ್ಪ, ಇಳಕಲ್ಲಿನ ನೇಕಾರರು ಎಂದು ಆಮೇಲೆ ತಿಳಿಯಿತು. ಬಿಸಿಲಲ್ಲಿ ನಡೆದು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು. ಮಷೀನಿನ ಮೇಲಿನ ಸಿಟ್ಟಿನಲ್ಲೇ ನಾನು ಕೇಳಿದೆ: "ಏನ್ರಿ? ಏನ್ ಕೆಲಸ ಇತ್ತು? ಯಾರ್ ಬೇಕಾಗಿತ್ತು?" ಅವರು ಬಾಗಿಲ ಚೌಕಟ್ಟು ಹಿಡಿದು ಇನ್ನೂ ತೇಕುತ್ತಲೇ ಇದ್ದರು. "ಇವರಿಗೆ ಮಾತ ಬರೂದಿಲ್ಲ ಅನಸ್ತೈತ್ರಿ" ಎಂದು ದೊಡ್ಡ ಅಕ್ಕಾರ ಕಡೆ ತಿರುಗಿದೆ.

ಅವರು ಕಣ್ಣು ಕೆಂಪಗೆ ಮಾಡಿದರು. "ಬಿಸಲಾಗಿಂದ ಬಂದಾರ. ಮೊದಲ ಬೆಲ್ಲ ನೀರು ಕೊಡವಾ. ಉಸಿರ ಹಾಕ್ಲಿ, ಆಮ್ಯಾಲ ಮಾತಾಡ್ಸು."

ಬೆಲ್ಲ ತಿಂದು, ನೀರು ಕುಡಿದು, ಮುಖ ಒರೆಸಿಕೊಂಡು ಆ ಹಿರಿಯರು ಸ್ಪಷ್ಟವಾಗಿ ಕೇಳಿದರು: "ಹುಡುಗಿನ್ನ ಸೋಮವಾರ ಕಳಸ್ಲೇನ್ರಿ, ಇಲ್ಲಾ ಮಗ್ಗಕ್ಕ ಕುಂಡ್ರಸ್ಲ್ಯಾ?"

ದೊಡ್ಡ ಅಕ್ಕಾರು ಒಮ್ಮೆ ನನ್ನನ್ನು, ಒಮ್ಮೆ ಮಷೀನನ್ನು ನೋಡುತ್ತಿದ್ದರು. "ತಂಗಿ, ಇದೂ ನಿನ್ನಂಗ ಅವಸರದ್ದು ಇರಬೇಕು ನೋಡು."

ಮಷೀನಿಗೂ ಒಂದು ಹುಟ್ಟುಬುದ್ಧಿ ಇರುತ್ತದೆ, ಕಾರ್ಖಾನೆಯಲ್ಲೇ ಚಿಪ್ ಒಳಗೆ ಬರೆದು ಕಳಿಸಿದ್ದು. ಸ್ವಿಚ್ ಒತ್ತಿದಾಗ ಅದು ಡಿಸ್ಕನ್ನು 'ಇದ್ದೀಯಾ?' ಎಂದು ಕೇಳಬೇಕು. ನಮ್ಮದು ಡಿಸ್ಕು ತಿರುಗಿ ವೇಗಕ್ಕೆ ಬರುವ ಮೊದಲೇ ಕೇಳಿ, ಇಲ್ಲವೆಂದು ತೀರ್ಮಾನಿಸಿಬಿಡುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು. ಅದನ್ನು ತಿದ್ದುವುದು ನಮ್ಮ ಕೈಲಿರಲಿಲ್ಲ. ಆದರೆ ನಾನೂ ಪ್ರತಿಸಲ ಸ್ವಿಚ್ ಆರಿಸಿ, ಪಾಪ, ತಿರುಗುತ್ತಿದ್ದ ಡಿಸ್ಕನ್ನು ನಿಲ್ಲಿಸಿ ಮತ್ತೆ ಮೊದಲಿಂದ ಶುರು ಮಾಡುತ್ತಿದ್ದೆನಲ್ಲ!

ಸ್ವಿಚ್ ಹಾಕಿ ಕೈಕಟ್ಟಿ ಕೂತೆವು. 'ಡಿಸ್ಕ್ ಇಲ್ಲ' ಎಂದಿತು. "ಅನ್ನಲಿ ಬಿಡು" ಎಂದರು ದೊಡ್ಡ ಅಕ್ಕಾರು. ಗುಂಯ್ ಸದ್ದು ಏರುತ್ತ ಹೋಗಿ ಒಂದೇ ಸಮನಾಯಿತು. ಆಗ ಸ್ವಿಚ್ ಮುಟ್ಟದೆ, ಡಿಸ್ಕು ನಿಲ್ಲದಂತೆ ಮತ್ತೊಮ್ಮೆ ಕೇಳಿಸುವ ರೀಸೆಟ್ ಗುಂಡಿಯನ್ನಷ್ಟೇ ಒತ್ತಿದೆ. ಡಿಸ್ಕು ಸಿಕ್ಕಿತು! ನಾನು ಕಿರುಚಿದ್ದು ಕೆಳಗಿನ ಆಫೀಸಿಗೂ ಕೇಳಿಸಿತಂತೆ.

ಒಂದಾದಮೇಲೊಂದು ಫ್ಲಾಪಿ ನುಂಗಿಸಿದೆವು. ಲಾರಿ ಬರುವಷ್ಟರಲ್ಲಿ ಪರದೆಗಳೆಲ್ಲ ಹಸಿರು ಅಕ್ಷರ ಮೂಡಿಸಿ ಎದ್ದಿದ್ದವು. ದೊಡ್ಡ ಅಕ್ಕಾರು ಆಗ ಗಂಗವ್ವನ ಅಪ್ಪನಿಗೆ ಉತ್ತರ ಕೊಟ್ಟರು: "ಸೋಮವಾರ ಕಳಸ್ರಿ." ಖಾಲಿ ಲಾರಿ ಗಡಗಡ ಸದ್ದು ಮಾಡುತ್ತ ತಿರುಗಿ ಹೋಯಿತು. ಅಷ್ಟು ಇಂಪಾದ ಸದ್ದನ್ನು ನಾನು ಇವತ್ತಿಗೂ ಕೇಳಿಲ್ಲ.

ಆಮೇಲೆ ದಿನಾ ಬೆಳಿಗ್ಗೆ ಹುಡುಗಿಯರು ಸ್ವಿಚ್ ಹಾಕಿ, ಕಿವಿಗೊಟ್ಟು ಕೂತು, ಕೇಳುತ್ತಿದ್ದರು: "ನೀರ ಕುಡಿಸೇನ್ರಿ ಅಕ್ಕಾರ, ಮಾತಾಡಸ್ಲೇನ್ರಿ?"

ಬೆಲ್ಲ ಬಾಯಲ್ಲಿ ಕರಗಿತು, ನೀರೂ ಮುಗಿಯಿತು. ಗಂಗವ್ವ ಎದುರು ಕೂತು ನನ್ನ ಉಸಿರು ಸಮವಾಗುವುದನ್ನೇ ಕಾಯುತ್ತಿದ್ದಳು. ದೊಡ್ಡ ಅಕ್ಕಾರು ಈಗಿಲ್ಲ. ಅವರು ಇದನ್ನು ನೋಡಬೇಕಿತ್ತು ಅನ್ನಿಸಿ ಕಣ್ಣು ತುಂಬಿ ಬಂತು.

"ನೀರ ಕುಡಿಸೇನ್ರಿ ಅಕ್ಕಾರ," ಎಂದಳು ಗಂಗವ್ವ ನಗುತ್ತ. "ಈಗ ಮಾತಾಡಸ್ಲೇನ್ರಿ?"

"ತಡಿಯವಾ," ಎಂದೆ. "ಇನ್ನೊಂದು ತಂಬಿಗಿ ತಾ. ಹೊರಗ ಬಿಸಲಾಗ ಒಬ್ಬಾಂವ ಕುಂತಾನ."