ನಮ್ಮನೆಯವ್ರಿಗ್ಯಾಕಿಲ್ಲ ಆಪರೇಷನ್?

ಪಕ್ಕದ್ಮನೆ ಸಾವಿತ್ರಿ ಗಂಡಂಗೆ ಪ್ರಾಸ್ಟೇಟ್ ಕ್ಯಾನ್ಸರ್ ಆಪರೇಷನ್ ಆದಾಗ ಎಸ್ಟೇಟಿನೋರೆಲ್ಲ ಮೂಸಂಬಿ ಹಿಡ್ಕೊಂಡು ನೋಡೋಕೆ ಹೋಗಿದ್ರು. ಅವಳ ಜಂಬ ನೋಡೋಕಾಗ್ತಿರ್ಲಿಲ್ಲ. ಈಗ ನಮ್ಮನೆಯವ್ರಿಗೂ ಅದೇ ಕಾಯಿಲೆ.

ಚಿಕ್ಕಮಗಳೂರಿನ ಡಾಕ್ಟ್ರಮ್ಮ, "ವಯಸ್ಸು ಎಂಬತ್ತರ ಹತ್ರ, ಗಡ್ಡೆ ನಿಧಾನಕ್ಕೆ ಬೆಳೀತಿದೆ. ಆಪರೇಷನ್ ಮಾಡಿದ್ರೆ ಮೂತ್ರ ಸೋರೋ ತೊಂದ್ರೆ ಬರಬಹುದು. ಆಗಾಗ ರಕ್ತ ಪರೀಕ್ಷೆ ಮಾಡ್ಸಿ ಕಾದು ನೋಡೋಣ" ಅಂದ್ರು.

"ಸಾವಿತ್ರಿ ಗಂಡಂಗೆ ಮಾಡಿದ್ರಲ್ಲ, ನಮ್ಮೋರೇನು ಕಡಿಮೆನಾ?" ಅಂದೆ.

"ಅವ್ರದ್ದು ಜೋರಿತ್ತೇನೋ ಅಮ್ಮ. ಯಜಮಾನ್ರೇ ಹೇಳ್ಲಿ."

ಇವ್ರು ನನ್ನ ಕಡೆ ತಿರುಗಿ, "ಮಾರಾಯ್ತಿ, ಮೂಸಂಬಿ ಬೇಕಾದ್ರೆ ಸಂತೇಲಿ ಕೊಡಿಸ್ತೀನಿ. ಅದಕ್ಕೋಸ್ಕರ ನನ್ನ ಕುಯ್ಸಬೇಡ" ಅಂದ್ರು.

ಮಾರನೇ ದಿನವೇ ಏಣಿ ಹಾಕಿ ಮೆಣಸು ಬಿಡಿಸೋಕೆ ಹತ್ತಿದ್ರು. ಕ್ಯಾನ್ಸರ್ ಅಂದ್ರೆ ಯಾರೂ ನಂಬ್ತಿಲ್ಲ. ನನ್ನ ಹೊಟ್ಟೆಕಿಚ್ಚಿಗೆ ನಾನೇ ಹುಟ್ಟಿಸಿದ ಕಾಯಿಲೆ ಅಂತ ಸಾವಿತ್ರಿ ಹೇಳ್ಕೊಂಡು ತಿರುಗ್ತಿದ್ದಾಳೆ.