ತೊಂಬತ್ತಾರು ಮುಕ್ಕಾಲರ ಹುಕ್ರಪ್ಪ ಮಾಸ್ಟ್ರು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರು ತಾಲೂಕುಗಳ ಸರಕಾರಿ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಕಲಿಸಿದವರ ಸಾಲು ದೊಡ್ಡದು. ಪುಸ್ತಕ ಬರೆದವರು, ಪ್ರಶಸ್ತಿ ಪಡೆದವರು, ತರಬೇತಿ ಶಿಬಿರಗಳಲ್ಲಿ ಇತರ ಶಿಕ್ಷಕರಿಗೇ ಪಾಠ ಹೇಳಿದವರು ಅದರಲ್ಲಿದ್ದಾರೆ. ಆ ಸಾಲಿನಲ್ಲಿ ಶ್ರೀ ಹುಕ್ರಪ್ಪ ಮಾಸ್ಟ್ರ ಜಾಗ ಯಾವುದೆಂದು ಕೇಳಿದರೆ, ಸಾಲಿನಿಂದ ಸ್ವಲ್ಪ ಹೊರಗೆ, ಸೊಂಟದ ಮೇಲೆ ಕೈಯಿಟ್ಟು ನಿಂತ ಜಾಗ ಎಂದೇ ಹೇಳಬೇಕು. ಮೂವತ್ತನಾಲ್ಕು ವರ್ಷಗಳ ಸೇವೆಯಲ್ಲಿ ಅವರಿಗೆ ಒಂದೇ ಒಂದು ಪ್ರಶಸ್ತಿ ಬಂದಿಲ್ಲ. ಒಂದು ನೋಟಿಸು ಬಂದಿದೆ. ಸಂತೋಷದ ಸಂದರ್ಭದಲ್ಲಿ ಆ ನೋಟಿಸಿನ ವಿಷಯ ಎತ್ತುವುದು ಬೇಡವೆಂದು ಅಭಿನಂದನ ಸಮಿತಿಯವರು ಸೌಜನ್ಯದಿಂದಲೇ ಸೂಚಿಸಿದ್ದರು. ಅವರ ನಿವೃತ್ತಿಯ ಅಭಿನಂದನ ಗ್ರಂಥದ ಈ ಲೇಖನ ಆ ನೋಟಿಸಿನ ಕುರಿತಾಗಿಯೇ ಇದೆ.

ಇದನ್ನು ಬರೆಯುತ್ತಿರುವವರು ಮಾಸ್ಟ್ರು ನಿವೃತ್ತರಾದ ಶಾಲೆಯ ಮುಖ್ಯ ಶಿಕ್ಷಕಿ ರಾಫಿಯಾ. ‘ನಾನು’ ಎಂದು ಬರೆಯಲು ಕುಳಿತಾಗಲೆಲ್ಲ ಬರೆಯುವವರ ತಪ್ಪುಗಳು ತಾವಾಗಿಯೇ ಸಣ್ಣವಾಗುತ್ತಿದ್ದುದರಿಂದ, ಇಲ್ಲಿ ಆಕೆಯನ್ನೂ ಹೊರಗಿನವರಂತೆ ರಾಫಿಯಾ ಟೀಚರ್ ಎಂದೇ ಕರೆಯಲಾಗಿದೆ. ಓದುಗರು ಮುಲಾಜು ನೋಡಬೇಕಾಗಿಲ್ಲ.

ಮಾಸ್ಟ್ರು ಹುಟ್ಟಿದ್ದು ನಾರಾವಿಯ ಹತ್ತಿರದ ಹಳ್ಳಿಯೊಂದರ ಬೇಸಾಯದ ಮನೆಯಲ್ಲಿ. ಶುಕ್ರವಾರ ಹುಟ್ಟಿದ ಗಂಡುಮಗುವಿಗೆ ಹುಕ್ರ, ತುಕ್ರ ಎಂದು ಹೆಸರಿಡುವುದು ತುಳು ಮನೆಗಳ ಹಳೆಯ ಕ್ರಮ. ಮನೆಯಲ್ಲಿ ತುಳು ಬಿಟ್ಟರೆ ಬೇರೆ ಮಾತು ಕೇಳಿರದ ಆ ಹುಡುಗ ಒಂದನೆಯ ತರಗತಿಯ ಕನ್ನಡದ ನಡುವೆ ಮೂರು ತಿಂಗಳು ಬಾಯಿಯನ್ನೇ ಬಿಡಲಿಲ್ಲ. ಅಲ್ಲಿನ ಶಿಕ್ಷಕರು ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಪಕ್ಕ ಪೆನ್ಸಿಲಿನಲ್ಲಿ ‘ಮೂಗ’ ಎಂದು ಬರೆದಿಟ್ಟರು. ತನಗೆ ಓದಲು ಬಂದ ಮೊದಲ ಕನ್ನಡ ಪದಗಳಲ್ಲಿ ಅದೂ ಒಂದೆಂದು ಮಾಸ್ಟ್ರು ನಗುತ್ತ ಹೇಳುವುದುಂಟು. ಆ ನಗು ಕೇಳುವವರಿಗೆ ಸ್ವಲ್ಪ ಭಯ ಹುಟ್ಟಿಸುತ್ತದೆ.

ಮೂಡುಬಿದಿರೆಯ ಬಳಿ ಮೊದಲ ನೇಮಕಾತಿಯಾದಾಗ ಹಿತೈಷಿಗಳೊಬ್ಬರು ಇಂಗ್ಲಿಷ್ ಕಲಿಸುವವರಿಗೆ ಒಪ್ಪುವಂಥ ಹೆಸರೊಂದನ್ನು ಇಟ್ಟುಕೊಳ್ಳಲು ಸಲಹೆಯಿತ್ತರಂತೆ. “ಹೆಸರು ಬದಲಾಯಿಸಬಹುದು ಮಾರಾಯ್ರೆ, ಹುಟ್ಟಿದ ವಾರ ಬದಲಾಯಿಸಲಿಕ್ಕೆ ಆಗ್ತದಾ?” ಎಂದು ಇವರು ಕೇಳಿದ್ದರು. ಬಂಟ್ವಾಳದಲ್ಲಿದ್ದಾಗ, ಕುವೈತಿನಿಂದ ಕುಟುಂಬದೊಡನೆ ಮರಳಿದ ಹನಾ ಎಂಬ ಹುಡುಗಿ ಕನ್ನಡ ಓದಲಾರದೆ ದಿನವೂ ಅಳುತ್ತಿದ್ದಳು. ಅವಳ ಇಂಗ್ಲಿಷ್ ಉಚ್ಚಾರ ತಮ್ಮದಕ್ಕಿಂತ ಚೆನ್ನಾಗಿದೆಯೆಂದು ಮಾಸ್ಟ್ರು ತರಗತಿಯ ಮುಂದೆಯೇ ಸಾರಿದರು. ಅಂದಿನಿಂದ ಪ್ರತಿ ಇಂಗ್ಲಿಷ್ ಪಾಠವನ್ನು ಮೊದಲು ಗಟ್ಟಿಯಾಗಿ ಓದುವ ಕೆಲಸ ಅವಳದಾಯಿತು, ಓದಿದ್ದನ್ನು ಕೇಳಿ ತಿದ್ದಿಕೊಳ್ಳುವ ಕೆಲಸ ಮಾಸ್ಟ್ರದಾಯಿತು. ಅವಳ ಅಳು ನಿಂತಿತು.

ಪುಂಜಾಲಕಟ್ಟೆಯಿಂದ ಒಳಗಿರುವ ಪಾಲೆದಡ್ಕ ಪ್ರೌಢಶಾಲೆಗೆ ಅವರು ವರ್ಗವಾಗಿ ಬಂದ ಕೆಲವು ವರ್ಷಗಳಲ್ಲಿ ರಾಫಿಯಾ ಟೀಚರ್ ಅಲ್ಲಿಗೆ ಮುಖ್ಯ ಶಿಕ್ಷಕಿಯಾದರು. ಆಕೆ ಬಂದ ಮೇಲೆ ಹತ್ತನೆಯ ತರಗತಿಯಲ್ಲಿ ಸತತ ನಾಲ್ಕು ವರ್ಷ ನೂರಕ್ಕೆ ನೂರು ಫಲಿತಾಂಶ ಬಂತು. ಈ ಕಡೆಯಲ್ಲಿ ನೂರು ಬಂದ ಶಾಲೆ ಸುಮ್ಮನೆ ಕೂರುವ ಕ್ರಮವಿಲ್ಲ. ಪ್ರತಿ ಮೇ ತಿಂಗಳಲ್ಲಿ ಪುಂಜಾಲಕಟ್ಟೆಯ ಪೇಟೆಯಲ್ಲಿ ಶಾಲೆಯ ಫ್ಲೆಕ್ಸ್ ಏಳುತ್ತಿತ್ತು, ಮೇಲೆ ‘ಶೇ. 100’ ಎಂಬ ಕೆಂಪಕ್ಷರ, ಕೆಳಗೆ ಹೆಚ್ಚು ಅಂಕ ಪಡೆದ ಐದಾರು ಮಕ್ಕಳ ಚಿತ್ರ, ಪಕ್ಕದಲ್ಲಿ ಕೈಮುಗಿದ ಗಣ್ಯರ ಚಿತ್ರಗಳು, ಮಕ್ಕಳಿಗಿಂತ ದೊಡ್ಡ ಗಾತ್ರದಲ್ಲಿ. ಅದನ್ನು ಮಾಡಿಸುತ್ತಿದ್ದವರು ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರೂ ಸೌದಿಯ ದಮ್ಮಾಮಿನಲ್ಲಿ ಹದಿನೆಂಟು ವರ್ಷ ದುಡಿದು ಬಂದು ಅಂಗಡಿಯಿಟ್ಟವರೂ ಆದ ಅಬ್ದುಲ್ ಸಮದರು.

ಆಗ ಒಂಬತ್ತನೆಯ ತರಗತಿಗೆ ಬಂದವಳು ಬುಧನಿ ಉರಾಂವ್. ಜಾರ್ಖಂಡಿನ ಹಳ್ಳಿಯವಳು. ಅವಳ ತಂದೆ ಮಂಗರಾ ಊರಿನ ಗುಡ್ಡದಲ್ಲಿ ಹೊಸತಾಗಿ ತೆರೆದ ಕೆಂಪುಕಲ್ಲಿನ ಕೋರೆಯಲ್ಲಿ ಕಲ್ಲು ಕಡಿಯುತ್ತಿದ್ದರು. ಬುಧನಿಗೆ ಕನ್ನಡ ಬಾರದು, ತುಳು ಬಾರದು, ಇಂಗ್ಲಿಷಿನಲ್ಲಿ ಅಕ್ಷರಗಳಷ್ಟೇ ಬರುತ್ತಿದ್ದವು. ಮೊದಲ ದಿನ ಮಾಸ್ಟ್ರು ತಮ್ಮ ಹರುಕುಮುರುಕು ಹಿಂದಿಯಲ್ಲಿ ಹೆಸರಿನ ಅರ್ಥ ಕೇಳಿದರು. ಬುಧವಾರ ಹುಟ್ಟಿದ್ದರಿಂದ ಬುಧನಿ ಎಂದಳು. ಮಾಸ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. ಕರಿಹಲಗೆಯಲ್ಲಿ ಎರಡು ದಿನಗಳ ಇಂಗ್ಲಿಷ್ ಹೆಸರು ಬರೆದು, ಒಂದರ ಕೆಳಗೆ ತಮ್ಮ ಹೆಸರನ್ನೂ ಇನ್ನೊಂದರ ಕೆಳಗೆ ಅವಳ ಹೆಸರನ್ನೂ ಬರೆದರು. ತರಗತಿಯ ಉಳಿದ ಮಕ್ಕಳು ಸಂಜೆ ಮನೆಗೆ ಹೋಗಿ ತಾವು ಹುಟ್ಟಿದ್ದು ಯಾವ ವಾರವೆಂದು ಅಮ್ಮಂದಿರನ್ನು ಕಾಡಿದರು. ಮರುದಿನದ ಇಂಗ್ಲಿಷ್ ಪಾಠ ಅದೇ ಆಯಿತು, ಮತ್ತು ಆ ಪಾಠದಲ್ಲಿ ಹಿಂದೆ ಬಿದ್ದವಳು ಬುಧನಿಯಾಗಿರಲಿಲ್ಲ.

ಇಂಗ್ಲಿಷಿಗೆ ಕನ್ನಡದಲ್ಲಿ ಅರ್ಥ ಹೇಳಿದರೆ ಕನ್ನಡ ಬಾರದ ಮಗು ಎಲ್ಲಿಗೆ ಹೋಗಬೇಕು ಎಂಬುದು ಅದುವರೆಗೆ ಯಾರ ತಲೆಗೂ ಹೊಳೆದಿರಲಿಲ್ಲ. ಮನೆಯಲ್ಲಿ ಬ್ಯಾರಿ ಭಾಷೆ ಮಾತಾಡಿ ಬೆಳೆದ ರಾಫಿಯಾ ಟೀಚರಿಗಾದರೂ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಮಾಸ್ಟ್ರು ಕಲ್ಲು, ಹಗ್ಗ, ಛತ್ರಿ, ಬುತ್ತಿ ಎಲ್ಲವನ್ನೂ ಮೇಜಿನ ಮೇಲಿಟ್ಟು ಇಂಗ್ಲಿಷಿನಲ್ಲೇ ಮಾತಾಡಿಸತೊಡಗಿದರು. ಕನ್ನಡವನ್ನು ಬುಧನಿ ಪಕ್ಕದಲ್ಲಿ ಕೂರುತ್ತಿದ್ದ ಫಾಹಿಮಾಳಿಂದ ಕಲಿತಳು, ತುಳುವನ್ನು ಬಸ್ಸಿನಲ್ಲಿ ಕಲಿತಳು.

ಒಂದು ದಿನ ಜ್ವರವೆಂದು ಅವಳು ಬಾರದಿದ್ದಾಗ ಮಾಸ್ಟ್ರು ಕೋರೆಯ ಶೆಡ್ಡಿಗೆ ಹೋದರು. ಶೆಡ್ಡಿನ ಒಂದು ಗೋಡೆ ಫ್ಲೆಕ್ಸಿನದಾಗಿತ್ತು, ಅದೂ ಪಾಲೆದಡ್ಕ ಶಾಲೆಯದೇ ಹಳೆಯ ನೂರಕ್ಕೆ ನೂರರ ಫ್ಲೆಕ್ಸ್. ಬುಧನಿ ಮಲಗಿದಲ್ಲಿಂದಲೇ ಅದರಲ್ಲಿನ ಐದೂ ಮಕ್ಕಳ ಹೆಸರು, ಅಂಕ ಎಲ್ಲವನ್ನೂ ಓದಿ ಹೇಳಿದಳು. ತಾನು ಶಾಲೆಗೆ ಸೇರುವ ಮೊದಲೇ ಅದರಲ್ಲಿದ್ದ ಮನ್ವಿತನ ಇಂಗ್ಲಿಷ್ ಅಂಕ ತನಗೆ ಬಾಯಿಪಾಠವಾಗಿತ್ತು ಎಂದಳು. ಮಾಸ್ಟ್ರು ಮರಳಿ ಬಂದು ಶಿಕ್ಷಕರ ಕೊಠಡಿಯಲ್ಲಿ ಇದನ್ನು ಹೇಳಿದಾಗ ಎಲ್ಲರೂ ನಕ್ಕರು. ಅವರು ನಗಲಿಲ್ಲ.

ಹತ್ತನೆಯ ತರಗತಿಯ ಜನವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆ ನಡೆಯಿತು. ಬುಧನಿ ಉಳಿದೆಲ್ಲದರಲ್ಲಿ ಹೇಗೋ ದಡ ಸೇರಿದಳು, ಇಂಗ್ಲಿಷಿನಲ್ಲಿ ಮಾತ್ರ ಫೇಲಾದಳು. ಈ ಸಲ ಪರೀಕ್ಷೆಯಲ್ಲಿ ಪಾಸಾಗದಿದ್ದರೆ ಊರಿಗೆ ಕರೆದೊಯ್ದು ಮದುವೆ ಮಾಡಿಬಿಡುವುದೆಂದು ಮಂಗರಾ ಆಗಲೇ ತೀರ್ಮಾನಿಸಿದ್ದರು. ಮಾಸ್ಟ್ರಿಗೆ ಇದು ಗೊತ್ತಿತ್ತು. ರಾಫಿಯಾ ಟೀಚರಿಗೂ ಗೊತ್ತಿತ್ತು. ಆದರೂ ನೂರನ್ನು ಉಳಿಸಿಕೊಳ್ಳಲು ಆಕೆ ಶಾಲಾಭಿವೃದ್ಧಿ ಸಮಿತಿಯ ಸಭೆ ಕರೆದರು.

“ಒಂದು ಹುಡುಗಿ ಮುಂದಿನ ವರ್ಷ ಬರೆದರೆ ಎಂತ ಮುಳುಗಿ ಹೋಗ್ತದೆ ಮಾಸ್ಟ್ರೆ?” ಎಂದರು ಅಬ್ದುಲ್ ಸಮದ್. “ಹಾಜರಿ ಕಡಿಮೆ ಉಂಟು ಅಂತ ತೋರಿಸುವ, ಮುಗೀತು.”

“ಮುಂದಿನ ವರ್ಷ ಕೋರೆ ಎಲ್ಲಿರ್ತದೆ ಅಂತ ನಿಮಗೆ ಗೊತ್ತುಂಟಾ ಸಮದಾಕ? ಕಲ್ಲು ಮುಗಿದ ದಿನ ಅವರಿಗೆ ಈ ಊರೂ ಮುಗೀತು,” ಎಂದರು ಮಾಸ್ಟ್ರು. “ನೀವು ದಮ್ಮಾಮಿಗೆ ಹೋದಾಗ ನಿಮಗೆ ಅರಬಿ ಬರ್ತಿತ್ತಾ? ಬರುವುದಿಲ್ಲ ಅಂತ ವಿಮಾನ ಹತ್ತಿಸಿ ವಾಪಸ್ ಕಳಿಸಿದ್ರಾ?”

ಉತ್ತರಿಸಿದವರು ರಾಫಿಯಾ ಟೀಚರ್. ಶಾಲೆಯ ಹೆಸರು ಒಬ್ಬಳಿಂದ ಹಾಳಾಗಬಾರದೆಂದೂ, ತರಗತಿ ಶಿಕ್ಷಕರಾದ ಮಾಸ್ಟ್ರೇ ಹಾಜರಿ ಪುಸ್ತಕವನ್ನು ಸರಿಮಾಡಿ ತರಬೇಕೆಂದೂ ಆಕೆ ಹೇಳಿದರು. ಜ್ವರದ ಎರಡು ದಿನ ಬಿಟ್ಟರೆ ಆ ಹುಡುಗಿ ಒಂದು ದಿನವೂ ತಪ್ಪಿಸಿರಲಿಲ್ಲ.

“ಇಲ್ಲ ಟೀಚರ್,” ಎಂದರು ಮಾಸ್ಟ್ರು. “ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಪಕ್ಕ ಒಮ್ಮೆ ಸುಳ್ಳು ಬರೆದಾಗಿದೆ. ಇನ್ನೊಬ್ಬರ ಹೆಸರಿನ ಪಕ್ಕ ನಾನು ಬರೆಯುವುದಿಲ್ಲ.”

ಅಂದಿನಿಂದ ಎರಡು ತಿಂಗಳು ಅವರು ಆ ಪುಸ್ತಕವನ್ನು ಸಂಜೆ ಚೀಲದಲ್ಲಿಟ್ಟುಕೊಂಡು ಮನೆಗೊಯ್ದು ಬೆಳಿಗ್ಗೆ ತರುತ್ತಿದ್ದರು. ಹಾಜರಿ ಪುಸ್ತಕ ಶಾಲೆಯ ಹೊಸ್ತಿಲು ದಾಟಬಾರದೆಂಬ ನಿಯಮ ಅವರಿಗೆ ತಿಳಿಯದ್ದೇನಲ್ಲ. ಆಕ್ಷೇಪಿಸುವ ಅಧಿಕಾರವಿದ್ದ ರಾಫಿಯಾ ಟೀಚರ್ ಕಿಟಕಿಯ ಕಡೆ ತಿರುಗಿ ಕೂರುವುದನ್ನು ರೂಢಿಸಿಕೊಂಡರು. ಹತ್ತನೆಯ ತರಗತಿಯ ಮೂವತ್ತೊಂದು ಮಕ್ಕಳೂ ಪರೀಕ್ಷೆಗೆ ಕುಳಿತರು.

ಮೂವತ್ತು ಮಂದಿ ಪಾಸಾದರು. ಬುಧನಿ ಇಂಗ್ಲಿಷಿನಲ್ಲಿ ಏಳು ಅಂಕಕ್ಕೆ ಫೇಲು. ಇಲ್ಲಿ ಮಾಸ್ಟ್ರ ಪಾಲೂ ಇದೆ, ಅಭಿನಂದನ ಗ್ರಂಥವೆಂದು ಅದನ್ನು ಮುಚ್ಚಿಡಬೇಕಾಗಿಲ್ಲ. ಹಿಂದುಳಿದ ಮಕ್ಕಳಿಗೆಂದು ‘ಪಾಸಿಂಗ್ ಪ್ಯಾಕೇಜ್’ ಎಂಬುದೊಂದಿದೆ. ಖಂಡಿತ ಬರುವ ಪ್ರಶ್ನೆಗಳಿಗೆ ಸಿದ್ಧ ಉತ್ತರಗಳನ್ನು ಉರುಹೊಡೆಸುವ ವಿಧಾನ. ಕಲಿಯಬಲ್ಲ ಹುಡುಗಿಗೆ ಅದನ್ನು ಕೊಡುವುದು ಅವಮಾನವೆಂದು ಮಾಸ್ಟ್ರು ಹಟ ಹಿಡಿದಿದ್ದರು. ಪರೀಕ್ಷೆಯಲ್ಲಿ ಪತ್ರ ಬರೆಯುವ ಪ್ರಶ್ನೆ ಬಂದಾಗ ಉಳಿದವರು ಉರುಹೊಡೆದ ಹತ್ತು ಸಾಲು ಇಳಿಸಿ ಮುಂದೆ ಹೋದರು. ಬುಧನಿ ಊರಲ್ಲಿರುವ ಅಜ್ಜಿಗೆ ತನ್ನದೇ ಇಂಗ್ಲಿಷಿನಲ್ಲಿ ಮೂರು ಪುಟ ಬರೆಯುತ್ತ ಕುಳಿತಳು. ಗಂಟೆ ಹೊಡೆದಾಗ ಮುಂದಿನ ಪ್ರಶ್ನೆಗಳೆಲ್ಲ ಹಾಗೇ ಉಳಿದಿದ್ದವು.

ಫಲಿತಾಂಶ ಕುಸಿದದ್ದಕ್ಕೆ ವಿವರಣೆ ಕೇಳಿ ಮೇಲಿನ ಕಚೇರಿಯಿಂದ ವಿಷಯ ಶಿಕ್ಷಕರಿಗೆ ನೋಟಿಸು ಬಂತು. ಮಾಸ್ಟ್ರು ಬರೆದ ಉತ್ತರದ ಪೂರ್ಣ ಪಾಠ ಹೀಗಿದೆ: “ತರಗತಿಯಲ್ಲಿ ಮೂವತ್ತೊಂದು ಮಕ್ಕಳಿದ್ದರು. ಮೂವತ್ತೊಂದು ಮಕ್ಕಳೂ ಪರೀಕ್ಷೆ ಬರೆದಿದ್ದಾರೆ. ಕಾರಣ ಇಷ್ಟೇ.” ಅದು ಮುಖ್ಯ ಶಿಕ್ಷಕಿಯ ಸಹಿಯೊಂದಿಗೆ ಹೋಗಬೇಕಿತ್ತು. ರಾಫಿಯಾ ಟೀಚರ್ ಪೆನ್ನು ಹಿಡಿದರು. ಹಿಂದಿನ ನಾಲ್ಕು ವರ್ಷಗಳ ನೂರರಲ್ಲಿ ಹಾಜರಿ ಕೊರತೆಯೆಂದು ಮನೆಗೆ ಕಳುಹಿಸಿದ ಮೂವರು ಮಕ್ಕಳ ಮುಖ ನೆನಪಿಗೆ ಬಂತು. ಸಹಿ ಹಾಕಿದರು, ಮೊಹರು ಒತ್ತಿದರು, ತಾವೇ ಅಂಚೆಗೆ ಹಾಕಿ ಬಂದರು.

ಆ ಮೇ ತಿಂಗಳಲ್ಲಿ ಫ್ಲೆಕ್ಸ್ ಏಳುವುದಿಲ್ಲವೆಂದು ಎಲ್ಲರೂ ಅಂದುಕೊಂಡಿದ್ದರು. ಮಾಸ್ಟ್ರು ಕೋರೆಗೆ ಹೋಗಿ, ಹೊರಗೆ ಮುಖ ತೋರಿಸದೆ ಕುಳಿತಿದ್ದ ಬುಧನಿಯನ್ನು ಕೇಳಿದರು: “ನಿನ್ನ ಫೋಟೊ ಹಾಕಲಾ? ಬೇಡ ಅಂದ್ರೆ ಬೇಡ.”

ಅವಳು ಗೋಡೆಯ ಫ್ಲೆಕ್ಸಿನ ಆ ಐದು ಮುಖಗಳನ್ನು ನೋಡಿದಳು. “ಹಾಕಿ. ಆದರೆ ಹಾಲ್ ಟಿಕೆಟಿನದ್ದು ಬೇಡ. ನಗುವ ಫೋಟೊ ತೆಗೀರಿ,” ಎಂದಳು.

ಪುಂಜಾಲಕಟ್ಟೆಯಲ್ಲಿ ಮಾಸ್ಟ್ರೇ ಮಾಡಿಸಿದ ಫ್ಲೆಕ್ಸ್ ಎದ್ದಿತು. ಅದರಲ್ಲಿ ಶೇಕಡಾವಾರು ಇರಲಿಲ್ಲ, ಗಣ್ಯರಿರಲಿಲ್ಲ. ಮೂವತ್ತೊಂದು ಮಕ್ಕಳ ಮುಖಗಳು, ಎಲ್ಲವೂ ಒಂದೇ ಗಾತ್ರ, ಮೂವತ್ತು ಬಿಗಿದ ಮುಖಗಳ ನಡುವೆ ಒಂದು ನಗುವ ಮುಖ. ಮೇಲೆ ಒಂದೇ ಸಾಲು: ‘ನಮ್ಮ ಶಾಲೆಯಿಂದ ಈ ವರ್ಷ ಪರೀಕ್ಷೆ ಬರೆದವರು.’ ಪಾಸಾದವರು ಯಾರು ಮಾರಾಯ್ರೆ ಎಂದು ಬಸ್ಸಿಗೆ ಕಾದವರು ಕೇಳಿದರೆ, “ನೀವೇ ಹುಡುಕಿ ನೋಡುವ,” ಎನ್ನುತ್ತಿದ್ದರು ಮಾಸ್ಟ್ರು. ಪೇಟೆ ನಾಲ್ಕು ದಿನ ನಕ್ಕಿತು. ಐದನೆಯ ದಿನ ಗಾಳಿಗೆ ಒಂದು ಮೂಲೆ ಬಿಚ್ಚಿಕೊಂಡಾಗ ಅದನ್ನು ಬಿಗಿದು ಕಟ್ಟಿದ ಹಗ್ಗ ಅಬ್ದುಲ್ ಸಮದರ ಅಂಗಡಿಯದು. ಅವರು ಇಂದಿಗೂ ಒಪ್ಪುವುದಿಲ್ಲ.

ಆ ಫ್ಲೆಕ್ಸಿನ ಮುಂದೆ ಮಂಗರಾ ಕೋರೆಯ ಧೂಳಿನ ಬಟ್ಟೆಯಲ್ಲೇ ಬಂದು ನಿಂತರು. ಮಗಳ ಮುಖ ಹುಡುಕಲು ಅವರಿಗೆ ಹೊತ್ತು ಹಿಡಿಯಲಿಲ್ಲ. “ಇನ್ನೊಂದು ಸಲ ಬರೀಲಿ ಸಾರ್,” ಎಂದರು. “ಮದುವೆ ಈಗ ಬೇಡ. ಎಲ್ಲ ಜನ ನೋಡಿದ್ರಲ್ಲ.”

ಜೂನಿನ ಪೂರಕ ಪರೀಕ್ಷೆಗೆ ಮೊದಲು ಮಾಸ್ಟ್ರು ರಾಫಿಯಾ ಟೀಚರ ಮೇಜಿನ ಮುಂದೆ ನಿಂತು ಪಾಸಿಂಗ್ ಪ್ಯಾಕೇಜಿನ ಪ್ರತಿ ಕೇಳಿದರು. ತಮ್ಮ ಹಟದ ಬೆಲೆಯನ್ನು ಹುಡುಗಿ ತೆತ್ತಳೆಂದು ಒಪ್ಪಿಕೊಳ್ಳಲು ಅವರಿಗೆ ನಾಚಿಕೆಯಾಗಲಿಲ್ಲ. ಬುಧನಿಗೆ, “ಮೊದಲು ಪಾಸಾಗು, ಅಜ್ಜಿಗೆ ಪತ್ರ ಆಮೇಲೆ ಬರೆಯುವ,” ಎಂದರು. ಹದಿನೈದು ದಿನ ಶಾಲೆಯ ಜಗಲಿಯಲ್ಲಿ ಅವಳು ಉರುಹೊಡೆದಳು. ಇಂಗ್ಲಿಷಿನಲ್ಲಿ ನಲವತ್ತೊಂದು ಬಂತು. ಈಗ ಮೂಡುಬಿದಿರೆಯಲ್ಲಿ ನರ್ಸಿಂಗ್ ಓದುತ್ತಿದ್ದಾಳೆ, ಪಾಠಗಳೆಲ್ಲ ಇಂಗ್ಲಿಷಿನಲ್ಲೇ. ಅಜ್ಜಿಗೆ ಬರೆದ ಪತ್ರವನ್ನು ಅವಳು ಮತ್ತೊಮ್ಮೆ ಬರೆದು ಮಾಸ್ಟ್ರಿಗೆ ಕೊಟ್ಟಿದ್ದಾಳೆ. ಅವರು ಅದನ್ನು ಯಾರಿಗೂ ತೋರಿಸುವುದಿಲ್ಲ.

ಈ ಗ್ರಂಥದ ಕೊನೆಯಲ್ಲಿ ಮಾಸ್ಟ್ರ ಕಾಲದ ಫಲಿತಾಂಶಗಳ ಪಟ್ಟಿಯಿದೆ. ಅಂದ ಕೆಡುತ್ತದೆಂದು ಆ ಒಂದು ವರ್ಷವನ್ನು ಬಿಡುವಂತೆ ಅಭಿನಂದನ ಸಮಿತಿ ಕೇಳಿತ್ತು. ಬಿಟ್ಟಿಲ್ಲ. ಮೂವತ್ತೊಂದರಲ್ಲಿ ಮೂವತ್ತು, ಅಂದರೆ ತೊಂಬತ್ತಾರು ಮುಕ್ಕಾಲು, ಎಂದೇ ಅಚ್ಚಾಗಿದೆ. ಆ ಐದು ವರ್ಷಗಳಲ್ಲಿ ಪಾಲೆದಡ್ಕ ಶಾಲೆಗೆ ಬಂದ ಪ್ರಾಮಾಣಿಕ ಅಂಕ ಅದೊಂದೇ ಎಂದು ಅದರ ಮುಖ್ಯ ಶಿಕ್ಷಕಿ ಇಲ್ಲಿ ಸಹಿ ಹಾಕಿ ಹೇಳುತ್ತಿದ್ದಾರೆ. ಆಕ್ಷೇಪವಿದ್ದವರು ನೋಟಿಸು ಕಳುಹಿಸಬಹುದು.

ನಿವೃತ್ತಿಯ ಮರುವಾರವೇ ಮಾಸ್ಟ್ರು ಕೋರೆಯ ಶೆಡ್ಡುಗಳಲ್ಲಿ ಹೊಸತಾಗಿ ಬಂದ ಮಕ್ಕಳಿಗೆ ಪಾಠ ಆರಂಭಿಸಿದ್ದಾರೆ. ಅದು ಹೀಗೆಯೇ ಸಾಗಲಿ, ಅವರ ಕಾಲಿಗೆ ಬಲವೂ ನಾಲಿಗೆಗೆ ಹರಿತವೂ ಇರಲಿ ಎಂಬುದು ಎಲ್ಲರ ಹಾರೈಕೆ. ಇಂಥ ಲೇಖನದ ಕೊನೆಗೆ ನೂರು ವರ್ಷ ಬಾಳಿರೆಂದು ಹರಸುವುದು ರೂಢಿ. ಹಾಗೆ ಬರೆಯಲೇ ಎಂದು ರಾಫಿಯಾ ಟೀಚರ್ ಬುಧನಿಗೆ ಫೋನು ಮಾಡಿ ಕೇಳಿದರು.

“ನೂರು ಬೇಡ ಟೀಚರ್, ಮಾಸ್ಟ್ರಿಗೆ ನೂರು ಅಂದ್ರೆ ಆಗುವುದಿಲ್ಲ,” ಎಂದಳು ಅವಳು. “ತೊಂಬತ್ತಾರು ಮುಕ್ಕಾಲು ಅಂತ ಬರೀರಿ. ಸಾಕಾಗದಿದ್ದರೆ ಪೂರಕ ಪರೀಕ್ಷೆ ಉಂಟಲ್ಲ.”